ಗೆದ್ದರೂ ಬಡ್ತಿ ಸಿಗದ ಆಟ: ಡೆಟ್ರಾಯಿಟ್ ಸಿಟಿ ಕ್ಲಬ್ಬಿನ ಮೊದಲ ಹತ್ತು ವರ್ಷ

2016ರಲ್ಲಿ ಎಎಫ್‌ಸಿ ಕ್ಲೀವ್‌ಲ್ಯಾಂಡ್ ಎಂಬ ಸಣ್ಣ ಫುಟ್‌ಬಾಲ್ ಕ್ಲಬ್ಬು ಅಮೆರಿಕದ ನಾಲ್ಕನೇ ಹಂತದ ಲೀಗಿನಲ್ಲಿ ಇಡೀ ದೇಶಕ್ಕೆ ಚಾಂಪಿಯನ್ ಆಯಿತು. ಇಂಗ್ಲೆಂಡಿನಲ್ಲಿ ಹೀಗಾಗಿದ್ದರೆ ಮರುವರ್ಷ ಅದು ಮೂರನೇ ಹಂತದಲ್ಲಿ ಆಡುತ್ತಿತ್ತು. ಇಲ್ಲಿ ಅಂಥದ್ದೇನೂ ಆಗಲಿಲ್ಲ. ಕಪ್ ಗೆದ್ದ ಆ ಹೆಸರಿನ ಕ್ಲಬ್ಬೇ ಆಮೇಲೆ ಉಳಿಯಲಿಲ್ಲ.

ಅದೇ ಲೀಗಿನಲ್ಲಿ ಆಡುತ್ತಿದ್ದ ಪಕ್ಕದ ಮಿಷಿಗನ್ ರಾಜ್ಯದ ಕ್ಲಬ್ಬು ಡೆಟ್ರಾಯಿಟ್ ಸಿಟಿ ಎಫ್‌ಸಿ. ಆ ಲೀಗಿನ ರಾಷ್ಟ್ರೀಯ ಕಪ್ಪನ್ನು ಅದು ಒಂದು ಸಲವೂ ಗೆಲ್ಲಲಿಲ್ಲ. ಆದರೂ ಇವತ್ತು ಎರಡನೇ ಹಂತದಲ್ಲಿ ಆಡುತ್ತಿದೆ. ಗೆದ್ದವರು ಮಾಯವಾದರು, ಗೆಲ್ಲದವರು ಮೇಲೆ ಹೋದರು. ಇದು ಹೇಗೆ ಸಾಧ್ಯ ಅಂತ ಅರ್ಥವಾದರೆ ಅಮೆರಿಕದ ಫುಟ್‌ಬಾಲ್ ಹೇಗೆ ನಡೆಯುತ್ತದೆ ಅನ್ನುವುದೂ ಅರ್ಥವಾದ ಹಾಗೆ.

ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬಹಳ ಜನ ಇದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಇಂಗ್ಲೆಂಡಿನ ಲೀಗಿನ ಪಾಯಿಂಟ್ ಪಟ್ಟಿ ಬಾಯಿಪಾಠ. ಅರ್ಧ ಗಂಟೆ ದೂರದಲ್ಲಿ ನಡೆಯುವ ಈ ಆಟದ ಸುದ್ದಿ ಮಾತ್ರ ಗೊತ್ತಿಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಏಣಿಯ ವಿಷಯ.

ಪ್ರಪಂಚದ ಹೆಚ್ಚಿನ ದೇಶಗಳಲ್ಲಿ ಫುಟ್‌ಬಾಲ್ ಲೀಗುಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಕೆಳಗೆ ಒಂದು ಇರುತ್ತವೆ. ವರ್ಷದ ಕೊನೆಗೆ ಮೇಲಿನ ಮೆಟ್ಟಿಲಲ್ಲಿ ಸೋತು ಕೊನೆಗೆ ನಿಂತವರು ಕೆಳಗೆ ಇಳಿಯುತ್ತಾರೆ. ಕೆಳಗೆ ಗೆದ್ದವರು ಮೇಲೆ ಹತ್ತುತ್ತಾರೆ. ಕಚೇರಿ ಭಾಷೆಯಲ್ಲಿ ಹೇಳುವುದಾದರೆ ಬಡ್ತಿ ಮತ್ತು ಹಿಂಬಡ್ತಿ. ಹಳ್ಳಿಯ ಒಂದು ಕ್ಲಬ್ಬು ವರ್ಷ ವರ್ಷ ಗೆಲ್ಲುತ್ತಾ ಹೋದರೆ ಒಂದು ದಿನ ದೇಶದ ಅತಿ ದೊಡ್ಡ ಕ್ಲಬ್ಬಿನ ಎದುರು ನಿಲ್ಲಬಹುದು. ಹಾಗೆ ಹತ್ತುವುದು ಕಷ್ಟ. ಆದರೆ ಬಾಗಿಲು ತೆರೆದಿರುತ್ತದೆ.

ಅಮೆರಿಕದಲ್ಲಿ ಮೆಟ್ಟಿಲುಗಳಿವೆ, ಹತ್ತುವ ದಾರಿ ಇಲ್ಲ. ನಮ್ಮ ಐಪಿಎಲ್ ನೆನಪಿಸಿಕೊಳ್ಳಿ. ಅಲ್ಲಿ ಕೊನೆಯ ಸ್ಥಾನಕ್ಕೆ ಬಂದ ತಂಡ ಮರುವರ್ಷವೂ ಅಲ್ಲೇ ಇರುತ್ತದೆ. ಯಾವುದೋ ಊರಿನ ಒಳ್ಳೆಯ ಕ್ರಿಕೆಟ್ ಕ್ಲಬ್ಬು ಎಷ್ಟು ಪಂದ್ಯ ಗೆದ್ದರೂ ಐಪಿಎಲ್‌ಗೆ ಬರಲು ಆಗುವುದಿಲ್ಲ. ಬರಬೇಕಾದರೆ ಯಾರಾದರೂ ದುಡ್ಡು ಕೊಟ್ಟು ಫ್ರಾಂಚೈಸಿ ಕೊಳ್ಳಬೇಕು. ಅಮೆರಿಕದ ಮೇಲಿನ ಲೀಗು ಮೇಜರ್ ಲೀಗ್ ಸಾಕರ್, ಅಂದರೆ ಎಂಎಲ್‌ಎಸ್, ನಡೆಯುವುದೂ ಹೀಗೆಯೇ. 1996ರಲ್ಲಿ ಅದು ಶುರುವಾಯಿತು. 2007ರಲ್ಲಿ ಟೊರಾಂಟೊ ಸೇರಿದಾಗ ಪ್ರವೇಶ ಶುಲ್ಕ 1 ಕೋಟಿ ಡಾಲರ್. ಸಿನ್ಸಿನಾಟಿ ಕೊಟ್ಟದ್ದು 15 ಕೋಟಿ. 2023ರಲ್ಲಿ ಸ್ಯಾನ್ ಡಿಯಾಗೊಗೆ ಜಾಗ ಸಿಕ್ಕಾಗ ಅದು 50 ಕೋಟಿ ಡಾಲರ್ ಆಗಿತ್ತು. ಇದು ಬರೀ ಒಳಗೆ ಕಾಲಿಡುವ ಬೆಲೆ. ಕ್ರೀಡಾಂಗಣ, ಆಟಗಾರರು, ಸಂಬಳ ಎಲ್ಲ ಇದರ ಮೇಲೆ.

ಸರಿ, ಎರಡನೇ ಮೂರನೇ ಹಂತಕ್ಕಾದರೂ ಗೆದ್ದು ಹೋಗಬಹುದಾ? ಅದೂ ಇಲ್ಲ. ಯಾವ ಲೀಗು ಯಾವ ಹಂತ ಅಂತ ತೀರ್ಮಾನಿಸುವುದು ಅಮೆರಿಕದ ಫುಟ್‌ಬಾಲ್ ಒಕ್ಕೂಟ. ಅದಕ್ಕೆ ಅದರದೇ ನಿಯಮಗಳಿವೆ. ಮೂರನೇ ಹಂತದ ಕ್ಲಬ್ಬಿನ ಮುಖ್ಯ ಮಾಲೀಕರ ಆಸ್ತಿ ಕಡಿಮೆಯೆಂದರೂ 1 ಕೋಟಿ ಡಾಲರ್ ಇರಬೇಕು. ಎರಡನೇ ಹಂತಕ್ಕೆ 2 ಕೋಟಿ. ಕ್ಲಬ್ಬಿನಲ್ಲಿ ಆ ಒಬ್ಬರ ಪಾಲು ಶೇಕಡಾ 35ಕ್ಕೆ ಕಡಿಮೆ ಇರಬಾರದು. ಕ್ರೀಡಾಂಗಣದಲ್ಲಿ ಮೂರನೇ ಹಂತಕ್ಕೆ 1,000 ಆಸನ, ಎರಡನೆಯದಕ್ಕೆ 5,000 ಬೇಕು.

ಇದರ ಹಿಂದೆ ಒಂದು ಭಯವಿದೆ ಅನ್ನುವುದನ್ನೂ ಹೇಳಬೇಕು. 1968ರಲ್ಲಿ ಶುರುವಾದ ಹಳೆಯ ಉತ್ತರ ಅಮೆರಿಕದ ಲೀಗು ಪೆಲೆಯಂಥವರನ್ನೇ ಕರೆತಂದು, ಕೈಮೀರಿ ಖರ್ಚು ಮಾಡಿ, 1984ರ ಸೀಸನ್ ಮುಗಿಯುತ್ತಲೇ ಮುಳುಗಿತು. ಅಲ್ಲಿಂದ ಮುಂದೆ ಎಷ್ಟೋ ಕ್ಲಬ್ಬುಗಳು ನಡುದಾರಿಯಲ್ಲಿ ಬಾಗಿಲು ಹಾಕಿವೆ. ಹಣವಿರುವ ಮಾಲೀಕ ಬೇಕು ಅನ್ನುವ ನಿಯಮ ಬಂದದ್ದು ಹಾಗೆ. ನಿಯಮದಲ್ಲಿ ತರ್ಕವಿದೆ, ಒಪ್ಪುತ್ತೇನೆ. ಆದರೆ ಒಂದು ಊರಿನ ಜನ ಸೇರಿ ಕಟ್ಟಿದ ಕ್ಲಬ್ಬಿಗೆ ಅದು ಮುಚ್ಚಿದ ಬಾಗಿಲು. ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ನೋವು ಕೊಡುವ ಭಾಗ ಇದೇ.

ಹಾಗಾದರೆ ದುಡ್ಡಿಲ್ಲದವರು ಎಲ್ಲಿ ಆಡುತ್ತಾರೆ? ನಾಲ್ಕನೇ ಹಂತದಲ್ಲಿ. ಒಕ್ಕೂಟದ ಪುಸ್ತಕದಲ್ಲಿ ‘ನಾಲ್ಕನೇ ಡಿವಿಷನ್’ ಅಂತ ಏನೂ ಇಲ್ಲ. ಮೂರು ವೃತ್ತಿಪರ ಹಂತಗಳ ಕೆಳಗೆ ಇರುವುದನ್ನು ಜನ ಹಾಗೆ ಕರೆಯುತ್ತಾರೆ, ಅಷ್ಟೆ. ಡೆಟ್ರಾಯಿಟ್ ಸಿಟಿ ಶುರುವಾದದ್ದು ಅಂಥ ಒಂದು ಲೀಗಿನಲ್ಲಿ. ಅದರ ಹೆಸರು ನ್ಯಾಷನಲ್ ಪ್ರೀಮಿಯರ್ ಸಾಕರ್ ಲೀಗ್. ಹೆಸರು ದೊಡ್ಡದು, ಸೀಸನ್ ತುಂಬ ಚಿಕ್ಕದು. ಮೇ ತಿಂಗಳಲ್ಲಿ ಶುರುವಾದರೆ ಜುಲೈ ಮಧ್ಯಕ್ಕೆ ಲೀಗ್ ಪಂದ್ಯಗಳು ಮುಗಿಯುತ್ತವೆ. ಹನ್ನೆರಡು, ಹದಿನಾಲ್ಕು ಪಂದ್ಯ. ಅದರಲ್ಲಿ ಅರ್ಧ ಮಾತ್ರ ಸ್ವಂತ ಊರಿನಲ್ಲಿ.

ಇಷ್ಟು ಚಿಕ್ಕದು ಯಾಕೆ? ಆಡುವವರಲ್ಲಿ ಜಾಸ್ತಿ ಜನ ಕಾಲೇಜು ಹುಡುಗರು. ಅಮೆರಿಕದ ಕಾಲೇಜು ಫುಟ್‌ಬಾಲ್ ನಡೆಯುವುದು ಆಗಸ್ಟ್ ಕೊನೆಯಿಂದ ಚಳಿಗಾಲದ ಹೊಸ್ತಿಲವರೆಗೆ. ಬೇಸಿಗೆ ರಜೆಯಲ್ಲಿ ಆಟ ಬಿಟ್ಟರೆ ಕಾಲು ಜಡವಾಗುತ್ತದೆ. ಅದಕ್ಕೆ ಈ ಲೀಗುಗಳಿಗೆ ಬರುತ್ತಾರೆ. ಆಟಕ್ಕಾಗಿ ಸಂಬಳ ತೆಗೆದುಕೊಂಡರೆ ಕಾಲೇಜು ತಂಡದಲ್ಲಿ ಆಡುವ ಅರ್ಹತೆ ಹೋಗುತ್ತದೆ ಅನ್ನುವ ನಿಯಮವಿತ್ತು. ಹಾಗಾಗಿ ಹೆಚ್ಚಿನವರಿಗೆ ಸಂಬಳ ಇರಲಿಲ್ಲ. ಎಷ್ಟೋ ಕ್ಲಬ್ಬುಗಳಲ್ಲಿ ಹೊರಊರಿನ ಆಟಗಾರರು ಅಭಿಮಾನಿಗಳ ಮನೆಯಲ್ಲೇ ಉಳಿದು, ಅವರ ಮನೆಯ ಊಟ ಮಾಡಿ ಆಡುತ್ತಾರೆ. ಆಗಸ್ಟ್ ಬರುತ್ತಲೇ ತಂಡ ಚದುರಿಹೋಗುತ್ತದೆ. ಮುಂದಿನ ಬೇಸಿಗೆಗೆ ಅರ್ಧ ತಂಡ ಹೊಸದು.

ಒಬ್ಬ ಆಟಗಾರನ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಅವನು ಹೊರಟುಹೋಗುವ ಲೀಗಿದು. ಅಂಥಲ್ಲಿ ಜನ ಯಾವುದನ್ನು ಹಿಡಿದುಕೊಳ್ಳಬೇಕು? ಡೆಟ್ರಾಯಿಟ್‌ನವರು ಊರನ್ನೇ ಹಿಡಿದುಕೊಂಡರು.

ಆ ಹೊತ್ತಿನ ಡೆಟ್ರಾಯಿಟ್ ಹೇಗಿತ್ತು ಅನ್ನುವುದು ಇಲ್ಲಿ ಮುಖ್ಯ. 1950ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ ಸುಮಾರು 18.5 ಲಕ್ಷ. 2010ಕ್ಕೆ ಅದು 7.13 ಲಕ್ಷಕ್ಕೆ ಇಳಿದಿತ್ತು. ಕಾರ್ಖಾನೆಗಳು ಮುಚ್ಚಿದವು, ಜನ ಹೊರವಲಯದ ಊರುಗಳಿಗೆ ಹೋದರು. ಬೀದಿಗೆ ಬೀದಿಯೇ ಖಾಲಿ ಮನೆಗಳು. 2013ರ ಜುಲೈ 18ರಂದು ನಗರಾಡಳಿತ ದಿವಾಳಿ ಅರ್ಜಿ ಹಾಕಿತು. ಸಾಲ ಅಂದಾಜು 1,800 ಕೋಟಿ ಡಾಲರ್. ಅಷ್ಟು ದೊಡ್ಡ ನಗರ ದಿವಾಳಿ ಎದ್ದದ್ದು ಅಮೆರಿಕದ ಇತಿಹಾಸದಲ್ಲೇ ಮೊದಲು. ಟಿವಿಯಲ್ಲಿ ಡೆಟ್ರಾಯಿಟ್ ಅಂದರೆ ಬರೀ ಪಾಳುಬಿದ್ದ ಕಟ್ಟಡಗಳ ಚಿತ್ರ.

ಫುಟ್‌ಬಾಲ್ ಆ ಊರಿಗೆ ಹೊಸದಲ್ಲ. 1978ರಲ್ಲಿ ಡೆಟ್ರಾಯಿಟ್ ಎಕ್ಸ್‌ಪ್ರೆಸ್ ಎಂಬ ವೃತ್ತಿಪರ ತಂಡ ಬಂದಿತ್ತು. ಇಂಗ್ಲೆಂಡಿನ ಟ್ರೆವರ್ ಫ್ರಾನ್ಸಿಸ್ ಅದರಲ್ಲಿ ಆಡಿದ್ದರು. ಅದು ಹೆಚ್ಚು ಕಾಲ ಬಾಳಲಿಲ್ಲ. 1994ರ ವಿಶ್ವಕಪ್‌ನಲ್ಲಿ ಪಕ್ಕದ ಪಾಂಟಿಯಾಕ್‌ನ ಸಿಲ್ವರ್‌ಡೋಮ್‌ನಲ್ಲಿ ಪಂದ್ಯಗಳು ನಡೆದವು. ಛಾವಣಿಯ ಕೆಳಗೆ ನಿಜವಾದ ಹುಲ್ಲು ಹಾಸಿ ಆಡಿಸಿದ್ದರು. ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್ ಅಲ್ಲಿ 1–1 ಸಮ ಮಾಡಿಕೊಂಡವು. ವಿಶ್ವಕಪ್ ಮುಗಿಯಿತು, ಊರಿಗೆ ಅಂತ ಒಂದು ತಂಡ ಮಾತ್ರ ಉಳಿಯಲಿಲ್ಲ.

2010ರಲ್ಲಿ ಷಾನ್ ಮಾನ್ ಎಂಬ ಯುವಕ ಒಂದು ಸಣ್ಣ ಕೆಲಸ ಮಾಡಿದರು. ಡೆಟ್ರಾಯಿಟ್‌ನ ಬಡಾವಣೆಗಳಿಗೆ ಒಂದೊಂದು ತಂಡ ಅಂತ ಮಾಡಿ, ಸುಮ್ನೆ ಸಂಜೆ ಹೊತ್ತು ಆಡುವ ಒಂದು ಲೀಗು ಶುರು ಮಾಡಿದರು. ಗಂಡಸರು, ಹೆಂಗಸರು ಒಟ್ಟಿಗೆ ಆಡುವ ಲೀಗು. ಆಟ ಬಾರದವರೂ ಬರಬಹುದಿತ್ತು. ಚೆಂಡು ಒದೆಯುವುದು ನೆಪ. ಬೇಲಿಯಾಚೆ ಯಾರಿದ್ದಾರೆ ಅಂತಲೇ ಗೊತ್ತಿಲ್ಲದಂತಾಗಿದ್ದ ಊರಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಲಿ ಅನ್ನುವುದು ನಿಜವಾದ ಉದ್ದೇಶ.

ಆ ಲೀಗಿನಲ್ಲಿ ಪರಿಚಯವಾದ ಗೆಳೆಯರು ಸೇರಿ, ಒಟ್ಟು ಐದು ಜನ, ಊರಿಗೆ ಒಂದು ಕ್ಲಬ್ಬು ಮಾಡೋಣ ಅಂದರು. ಐವರಲ್ಲಿ ಯಾರೂ ಕೋಟ್ಯಧೀಶರಲ್ಲ. ಹಗಲು ಬೇರೆ ಕೆಲಸ, ರಾತ್ರಿ ಕ್ಲಬ್ಬಿನ ಕೆಲಸ. 2012ರ ಬೇಸಿಗೆಯಲ್ಲಿ ಡೆಟ್ರಾಯಿಟ್ ಸಿಟಿ ಎಫ್‌ಸಿ ಮೈದಾನಕ್ಕಿಳಿಯಿತು.

ಬಣ್ಣ, ಲಾಂಛನಗಳನ್ನು ಅವರು ಸುಮ್ನೆ ಆರಿಸಲಿಲ್ಲ. ಡೆಟ್ರಾಯಿಟ್ ಅನ್ನುವುದೇ ಫ್ರೆಂಚ್ ಪದ, ಜಲಸಂಧಿ ಅಂತ ಅರ್ಥ. 1701ರಲ್ಲಿ ಫ್ರೆಂಚರು ಕಟ್ಟಿದ ಊರದು. ಅಲ್ಲಿ ಹರಿಯುವ ಒಂದು ನದಿಯ ಹೆಸರು ರೂಜ್, ಅಂದರೆ ಕೆಂಪು. ಅದರ ದಡದಲ್ಲೇ ಫೋರ್ಡ್ ಕಂಪನಿಯ ಭಾರೀ ಕಾರ್ಖಾನೆ ಇರುವುದು. ಕ್ಲಬ್ಬಿನ ಅಂಗಿಗೂ ಅದೇ ಕಡುಗೆಂಪು, ಜೊತೆಗೆ ಬಂಗಾರದ ಬಣ್ಣ. ಅಡ್ಡಹೆಸರು ‘ಲ ರೂಜ್’. ಲಾಂಛನದಲ್ಲಿ ಇರುವುದು ನಗರಸಭೆಯ ಕಟ್ಟಡದ ಮುಂದೆ ಕೂತಿರುವ ‘ಸ್ಪಿರಿಟ್ ಆಫ್ ಡೆಟ್ರಾಯಿಟ್’ ಎಂಬ ಹಸಿರುಗಟ್ಟಿದ ಕಂಚಿನ ಪ್ರತಿಮೆ. ಊರಿನ ಮಕ್ಕಳೂ ಗುರುತು ಹಿಡಿಯುವ ಪ್ರತಿಮೆ ಅದು.

ಮೊದಲ ಮೈದಾನ ಕ್ಯಾಸ್ ಟೆಕ್ ಎಂಬ ಸರ್ಕಾರಿ ಹೈಸ್ಕೂಲಿನದು. ಆ ಹಂತದ ಕ್ಲಬ್ಬುಗಳ ಪಂದ್ಯಕ್ಕೆ ಇನ್ನೂರು ಮುನ್ನೂರು ಜನ ಬಂದರೆ ಅದೇ ಹೆಚ್ಚು. ಇವರಿಗೆ ಮೊದಲ ವರ್ಷವೇ ಸಾವಿರದ ಆಸುಪಾಸು ಜನ ಬಂದರು. 2013ರಲ್ಲಿ ತಮ್ಮ ಗುಂಪಿನಲ್ಲಿ ಮೊದಲ ಸ್ಥಾನ ಪಡೆದರು. ನಗರ ದಿವಾಳಿ ಅರ್ಜಿ ಹಾಕಿದ್ದೂ ಅದೇ ಬೇಸಿಗೆಯಲ್ಲಿ. ಮುಂದಿನ ಎರಡು ವರ್ಷದಲ್ಲಿ ಬರುವವರ ಸಂಖ್ಯೆ ಮೂರು ಸಾವಿರ ಮುಟ್ಟಿ, ಶಾಲೆಯ ಗ್ಯಾಲರಿ ಸಾಲದಾಯಿತು.

ಅಷ್ಟು ಜನ ಯಾಕೆ ಬಂದರು? ಆಟ ಚೆನ್ನಾಗಿತ್ತು, ನಿಜ. ಆದರೆ ಬರೀ ಆಟಕ್ಕೆ ಬಂದವರು ಕಡಿಮೆ. ಒಂದು ಕಡೆಯ ಗ್ಯಾಲರಿಯನ್ನು ತುಂಬಿಕೊಂಡವರು ‘ನಾರ್ದರ್ನ್ ಗಾರ್ಡ್’ ಎಂಬ ಬೆಂಬಲಿಗರ ಪಡೆ. ಕ್ಲಬ್ಬಿನವರು ಹಣ ಕೊಟ್ಟು ಕರೆಸಿದ ಗುಂಪಲ್ಲ. ತಾವಾಗಿ ಸೇರಿದವರು. ಮುಖಕ್ಕೆ ತಲೆಬುರುಡೆಯ ಹಾಗೆ ಬಣ್ಣ ಬಳಿದುಕೊಂಡು, ಡ್ರಮ್ ಬಡಿದು, ಬಣ್ಣದ ಹೊಗೆ ಬಿಟ್ಟು, ತೊಂಬತ್ತು ನಿಮಿಷ ಕೂರದೆ ಹಾಡುತ್ತಾರೆ. ಬೈಗುಳವೂ ಧಾರಾಳ. ಎದುರಾಳಿ ಗೋಲ್‌ಕೀಪರ್ ಆಗಿ ಅವರ ಮುಂದೆ ನಿಲ್ಲುವುದು ಕಾಲೇಜು ಹುಡುಗನಿಗೆ ಸಣ್ಣ ಪರೀಕ್ಷೆಯಲ್ಲ.

ಕ್ಲೀವ್‌ಲ್ಯಾಂಡ್, ಬಫಲೋ, ಡೆಟ್ರಾಯಿಟ್ ಮೂರು ಊರಿನ ಕ್ಲಬ್ಬುಗಳು ಸೇರಿ ‘ರಸ್ಟ್ ಬೆಲ್ಟ್ ಡರ್ಬಿ’ ಅಂತ ಒಂದು ಸ್ಪರ್ಧೆಯನ್ನೂ ಮಾಡಿಕೊಂಡವು. ರಸ್ಟ್ ಬೆಲ್ಟ್ ಅಂದರೆ ತುಕ್ಕು ಹಿಡಿದ ಪಟ್ಟಿ. ಕಾರ್ಖಾನೆ ಮುಚ್ಚಿ ಸೊರಗಿದ ಉತ್ತರದ ಊರುಗಳಿಗೆ ಹೊರಗಿನವರು ಇಟ್ಟ ಹೆಸರು. ಅದನ್ನೇ ಎತ್ತಿ ಕಪ್ಪಿನ ಮೇಲೆ ಬರೆಸಿಕೊಂಡರು ಇವರು. ನನಗೆ ಆ ಧೈರ್ಯ ಬಹಳ ಇಷ್ಟ.

ಈಗ ದುಡ್ಡಿನ ಲೆಕ್ಕ. ಇಂಥ ಕ್ಲಬ್ಬಿಗೆ ಟಿವಿಯಿಂದ ಹಣ ಬರುವುದಿಲ್ಲ. ಆಟಗಾರರಿಗೆ ಸಂಬಳ ಇಲ್ಲದಿದ್ದರೂ ಖರ್ಚು ಇದ್ದೇ ಇದೆ. ಮೈದಾನದ ಬಾಡಿಗೆ, ರೆಫರಿ, ವಿಮೆ, ತರಬೇತುದಾರ, ಪಕ್ಕದ ರಾಜ್ಯಕ್ಕೆ ಹೋಗುವ ಬಸ್ಸು, ಲೀಗಿಗೆ ಕಟ್ಟುವ ಶುಲ್ಕ. ಆದಾಯಕ್ಕೆ ಟಿಕೆಟ್, ಅಂಗಿ, ಕೊರಳಿಗೆ ಸುತ್ತುವ ಸ್ಕಾರ್ಫ್, ಊರಿನ ಅಂಗಡಿಗಳ ಜಾಹೀರಾತು. ಇದನ್ನೆಲ್ಲ ಬೇಸಿಗೆಯ ಆರೇಳು ಸಂಜೆಯಲ್ಲಿ ದುಡಿಯಬೇಕು. ಒಂದು ಸಂಜೆ ಜೋರು ಮಳೆ ಬಂದರೆ ವರ್ಷದ ಲೆಕ್ಕವೇ ತಪ್ಪುತ್ತದೆ. ಗೆದ್ದರೆ ಬರುವ ಬಹುಮಾನದ ಹಣ ಹೇಳಿಕೊಳ್ಳುವಂಥದ್ದಲ್ಲ. ಗೆದ್ದ ಹಾಗೆಲ್ಲ ಮುಂದಿನ ಸುತ್ತಿಗೆ ದೂರ ಪ್ರಯಾಣ, ಖರ್ಚು ಇನ್ನೂ ಜಾಸ್ತಿ. ಚಾಂಪಿಯನ್ ಆದದ್ದೇ ಕ್ಲಬ್ಬನ್ನು ಉಳಿಸುವುದಿಲ್ಲ ಅಂತ ಹೇಳಿದೆನಲ್ಲ, ಅದರ ಕಾರಣ ಇಲ್ಲಿದೆ. ಕ್ಲಬ್ಬು ಉಳಿಯುವುದು ಸ್ವಂತ ಊರಿನಲ್ಲಿ ಎಷ್ಟು ಜನ ಮತ್ತೆ ಮತ್ತೆ ಬರುತ್ತಾರೆ ಅನ್ನುವುದರ ಮೇಲೆ.

ಡೆಟ್ರಾಯಿಟ್ ಒಂದೇ ಅಲ್ಲ ಈ ದಾರಿ ಹಿಡಿದದ್ದು. ಟೆನೆಸ್ಸಿಯ ಚಾಟನೂಗಾ ಎಫ್‌ಸಿ 2009ರಲ್ಲಿ ಇದೇ ಲೀಗಿನಲ್ಲಿ ಶುರುವಾಗಿತ್ತು. 2015ರ ಫೈನಲ್ ಅವರ ಊರಿನಲ್ಲೇ ನಡೆದಾಗ ಬಂದವರು 18,227 ಜನ. ನಾಲ್ಕನೇ ಹಂತದ, ಸಂಬಳವಿಲ್ಲದ ಹುಡುಗರ ಪಂದ್ಯಕ್ಕೆ! ಚಾಟನೂಗಾ ಆ ಫೈನಲ್ ಸೋತಿತು. ಕ್ಲಬ್ಬು ಮಾತ್ರ ಇವತ್ತಿಗೂ ಆಡುತ್ತಿದೆ.

2015ರ ಹೊತ್ತಿಗೆ ಡೆಟ್ರಾಯಿಟ್ ಸಿಟಿಗೆ ದೊಡ್ಡ ಮೈದಾನ ಬೇಕಾಯಿತು. ಹೊಸದು ಕಟ್ಟಲು ದುಡ್ಡಿಲ್ಲ. ಕಣ್ಣಿಗೆ ಬಿದ್ದದ್ದು ಹ್ಯಾಮ್‌ಟ್ರಾಮಿಕ್‌ನ ಕೀವರ್ತ್ ಕ್ರೀಡಾಂಗಣ.

ಹ್ಯಾಮ್‌ಟ್ರಾಮಿಕ್ ವಿಚಿತ್ರವಾದ ಊರು. ಸುತ್ತ ಡೆಟ್ರಾಯಿಟ್, ನಡುವೆ ಐದಾರು ಚದರ ಕಿಲೋಮೀಟರಿನ ಬೇರೆಯೇ ನಗರ. ಒಂದು ಕಾಲಕ್ಕೆ ಡಾಡ್ಜ್ ಕಾರ್ಖಾನೆಗೆ ಬಂದ ಪೋಲೆಂಡಿನವರ ಊರು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಈಗ ಯೆಮೆನ್, ಬಾಂಗ್ಲಾದೇಶದಿಂದ ಬಂದವರು ಬಹಳ. ಕೊನಂಟ್ ರಸ್ತೆಯ ಒಂದು ಭಾಗಕ್ಕೆ ಬಾಂಗ್ಲಾದೇಶ್ ಅವೆನ್ಯೂ ಅಂತಲೇ ಹೆಸರು. ಅಲ್ಲಿ ಮೀನು ಸಾರು, ಅನ್ನ ಸಿಗುತ್ತದೆ.

ಕೀವರ್ತ್ ಕಟ್ಟಿದ್ದು 1936ರಲ್ಲಿ. ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದವರಿಗೆ ಕೆಲಸ ಕೊಡಲು ಅಮೆರಿಕ ಸರ್ಕಾರ ಕೈಗೊಂಡ ಕಾಮಗಾರಿಗಳಲ್ಲಿ ಅದೂ ಒಂದು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅದೇ ಅಕ್ಟೋಬರಿನಲ್ಲಿ ಬಂದು ಉದ್ಘಾಟಿಸಿದ್ದರು. ಎಂಬತ್ತು ವರ್ಷ ಕಳೆಯುವಷ್ಟರಲ್ಲಿ ಕಾಂಕ್ರೀಟ್ ಬಿರುಕು ಬಿಟ್ಟು, ಅದರ ಒಂದಷ್ಟು ಭಾಗ ಜನ ಕೂರಲು ಯೋಗ್ಯವಾಗಿರಲಿಲ್ಲ. ಜಾಗ ಊರಿನ ಶಾಲಾ ಮಂಡಳಿಯದು. ದುರಸ್ತಿ ನಾವು ಮಾಡಿಸುತ್ತೇವೆ, ಆಡಲು ಬಿಡಿ ಅಂತ ಕ್ಲಬ್ಬಿನವರು ಕೇಳಿದರು.

ದುರಸ್ತಿಗೆ ಹಣ? ಬ್ಯಾಂಕಿನ ಬದಲು ಅವರು ತಮ್ಮ ಜನರ ಹತ್ತಿರ ಹೋದರು. ಮಿಷಿಗನ್ ರಾಜ್ಯ ಆಗಷ್ಟೇ ಒಂದು ಕಾನೂನು ಮಾಡಿತ್ತು. ರಾಜ್ಯದೊಳಗಿನ ಸಾಮಾನ್ಯ ಜನ ತಮ್ಮ ರಾಜ್ಯದ ಸಣ್ಣ ಉದ್ಯಮಗಳಿಗೆ ಸಣ್ಣ ಸಣ್ಣ ಮೊತ್ತ ಹೂಡಬಹುದು ಅನ್ನುವ ಕಾನೂನು. ಅದಕ್ಕೂ ಮೊದಲು ಇಂಥ ಹೂಡಿಕೆ ಬಹುಮಟ್ಟಿಗೆ ಶ್ರೀಮಂತರಿಗೆ ಮಾತ್ರ ಇತ್ತು. ಇದು ದೇಣಿಗೆಯಲ್ಲ, ಸಾಲ. ಕ್ಲಬ್ಬಿಗೆ ಬರುವ ಆದಾಯದಿಂದ ವರ್ಷ ವರ್ಷ ಹಿಂತಿರುಗಿಸಬೇಕು. ಐನೂರಕ್ಕೂ ಹೆಚ್ಚು ಜನ ಸೇರಿ ಕೊಟ್ಟದ್ದು 7,41,250 ಡಾಲರ್. ಪರದೇಶದ ಕಂಪನಿಯೋ ಕಾರು ಕಾರ್ಖಾನೆಯ ಒಡೆಯರೋ ಕೊಟ್ಟದ್ದಲ್ಲ. ಶನಿವಾರ ಡ್ರಮ್ ಬಡಿಯುವವರು, ಮಕ್ಕಳನ್ನು ಕರೆದುಕೊಂಡು ಬರುವವರು ಕೊಟ್ಟದ್ದು. ರಜೆಯ ದಿನ ಅವರಲ್ಲೇ ಎಷ್ಟೋ ಜನ ಬಂದು ಕಸ ತೆಗೆದು, ಬಣ್ಣ ಬಳಿದರು.

2016ರ ಮೇ 20ರಂದು ಅಲ್ಲಿ ಮೊದಲ ಪಂದ್ಯ. ಎದುರಾಳಿ ಪಕ್ಕದ ಆ್ಯನ್ ಆರ್ಬರ್ ಊರಿನ ಕ್ಲಬ್ಬು. ಬಂದವರು 7,410 ಜನ.

ಕೀವರ್ತ್ ಒಳಗೆ ಹೋದರೆ ಮೊದಲು ಗಮನಕ್ಕೆ ಬರುವುದು ಅದು ಎಷ್ಟು ಹತ್ತಿರದಲ್ಲಿದೆ ಅನ್ನುವುದು. ಸುತ್ತ ಎಕರೆಗಟ್ಟಲೆ ಪಾರ್ಕಿಂಗ್ ಇಲ್ಲ. ಗೋಡೆಯಾಚೆ ರಸ್ತೆ, ರಸ್ತೆಯಾಚೆ ಮನೆಗಳು. ಪಂದ್ಯಕ್ಕೆ ಒಂದು ಗಂಟೆ ಮುಂಚೆ ದೂರದಲ್ಲಿ ಡ್ರಮ್ ಸದ್ದು ಕೇಳುತ್ತದೆ. ನಾರ್ದರ್ನ್ ಗಾರ್ಡ್‌ನವರು ಮೆರವಣಿಗೆ ಬರುತ್ತಿದ್ದಾರೆ ಅಂತ ಅರ್ಥ. ಜಗಲಿಯ ಮೇಲೆ ಕೂತ ಅಜ್ಜ ಕೈ ಬೀಸುತ್ತಾರೆ. ಸೈಕಲ್ ತುಳಿಯುತ್ತಿದ್ದ ಹುಡುಗರು ಮೆರವಣಿಗೆಯ ಬಾಲ ಹಿಡಿಯುತ್ತಾರೆ. ನಮ್ಮೂರ ಕಡೆ ಉತ್ಸವಮೂರ್ತಿ ಬೀದಿಗೆ ಬಂದಾಗ ಆಗುವಂಥದ್ದೇ ಗಡಿಬಿಡಿ. ಗೋಲು ಬಿತ್ತು ಅಂದರೆ ಕೆಂಪು, ಹಳದಿ ಹೊಗೆ ಎದ್ದು ಮೈದಾನದ ಆಚೆ ತುದಿ ಕಾಣುವುದಿಲ್ಲ. ಹೊಗೆ ತಿಳಿಯಾಗುವ ಹೊತ್ತಿಗೆ ಆಟ ಮತ್ತೆ ಶುರುವಾಗಿರುತ್ತದೆ. ಗಂಟಲು ಕೆರೆಯುತ್ತಿರುತ್ತದೆ.

ಅದೇ 2016ರಲ್ಲಿ ಇನ್ನೊಂದು ಸುದ್ದಿ ಬಂತು. ಇಬ್ಬರು ಭಾರೀ ಶ್ರೀಮಂತರು, ಡ್ಯಾನ್ ಗಿಲ್ಬರ್ಟ್ ಮತ್ತು ಟಾಮ್ ಗೋರ್ಸ್, ಡೆಟ್ರಾಯಿಟ್‌ಗೆ ಎಂಎಲ್‌ಎಸ್ ತಂಡ ತರುತ್ತೇವೆ ಅಂತ ಘೋಷಿಸಿದರು. ಡೆಟ್ರಾಯಿಟ್ ಸಿಟಿಯ ಬೆಂಬಲಿಗರಿಗೆ ಇದು ಸಂತೋಷದ ಸುದ್ದಿಯಾಗಲಿಲ್ಲ. ಬಡ್ತಿ ಇರುವ ದೇಶದಲ್ಲಿ ದೊಡ್ಡ ಲೀಗು ಬಂತು ಅಂದರೆ ಅಲ್ಲಿಗೆ ಹೋಗಲು ನಮಗೂ ದಾರಿ ಇದೆ ಅಂತ ಅರ್ಥ. ಇಲ್ಲಿ ಅದು ನಮ್ಮ ಜಾಗಕ್ಕೆ ಬೇರೆಯವರು ಬಂದು ಕೂರುತ್ತಾರೆ ಅಂತ ಅರ್ಥ. ಹೊಸ ತಂಡ, ಹೊಸ ಬಣ್ಣ, ಹೊಸ ಹೆಸರು. ನಾಲ್ಕು ವರ್ಷ ನಾವು ಹಾಡಿದ್ದು ಯಾರಿಗಾಗಿ ಅನ್ನುವ ಪ್ರಶ್ನೆ ಎದ್ದಿತು. ಕೊನೆಗೆ ಎಂಎಲ್‌ಎಸ್ ಡೆಟ್ರಾಯಿಟ್‌ಗೆ ಜಾಗ ಕೊಡಲಿಲ್ಲ. ಕೀವರ್ತ್‌ನಲ್ಲಿ ಆಟ ನಡೆಯುತ್ತಲೇ ಇತ್ತು.

ಆ ವರ್ಷಗಳಲ್ಲಿ ಕ್ಲಬ್ಬಿನವರು ಒಂದು ಜಾಣತನ ಮಾಡಿದರು. ಲೀಗಿನ ಪಂದ್ಯಗಳು ಕಡಿಮೆ, ಜನರಿಗೆ ಇನ್ನೂ ಹಸಿವು. ಹೊರಗಿನ ಕ್ಲಬ್ಬುಗಳನ್ನು ಸೌಹಾರ್ದ ಪಂದ್ಯಕ್ಕೆ ಕರೆಸತೊಡಗಿದರು. ಇಟಲಿಯ ವೆನೆಜಿಯಾ ಬಂತು. 2018ರ ಮೇ ತಿಂಗಳಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಿಂದ ಸೇಂಟ್ ಪೌಲಿ ಬಂತು. ಸೇಂಟ್ ಪೌಲಿಯ ಬೆಂಬಲಿಗರ ಬಾವುಟದಲ್ಲೂ ತಲೆಬುರುಡೆ. ಬಂದರಿನ ಕೆಲಸಗಾರರ ಏರಿಯಾದ ಕ್ಲಬ್ಬದು, ಜನಾಂಗ ದ್ವೇಷವನ್ನು ಬಹಿರಂಗವಾಗಿ ವಿರೋಧಿಸುತ್ತದೆ. ಇಬ್ಬರಿಗೂ ಚೆನ್ನಾಗಿ ಹೊಂದಿತು. ಊರೊಳಗಿನ ಒಂದು ಹಳೆಯ ಐಸ್ ಸ್ಕೇಟಿಂಗ್ ಕಟ್ಟಡವನ್ನು ತೆಗೆದುಕೊಂಡು ಒಳಾಂಗಣ ಮೈದಾನ ಮಾಡಿದರು. ಚಳಿಗಾಲದಲ್ಲಿ ಮಿಷಿಗನ್‌ನಲ್ಲಿ ಹೊರಗೆ ಆಡಲು ಸಾಧ್ಯವೇ ಇಲ್ಲ. ಮಕ್ಕಳ ತರಬೇತಿ, ದೊಡ್ಡವರ ಲೀಗು, ಪಕ್ಕದಲ್ಲೇ ಊಟ ಪಾನೀಯದ ಜಾಗ. ಆರೇಳು ಸಂಜೆಯ ಆದಾಯ ವರ್ಷಪೂರ್ತಿಯ ಆದಾಯವಾದದ್ದು ಹೀಗೆ.

ಸಂಬಳ ಕೊಟ್ಟು ತಂಡ ಕಟ್ಟುವ ಕಾಲ ಬಂತು. 2020ರಲ್ಲಿ ನಿಸಾ ಎಂಬ ಮೂರನೇ ಹಂತದ ಹೊಸ ಲೀಗಿಗೆ ಸೇರಿದರು. ಎಂಎಲ್‌ಎಸ್ ಹಾದಿ ಬೇಡ ಅನ್ನುವ ಸ್ವತಂತ್ರ ಕ್ಲಬ್ಬುಗಳ ಲೀಗದು. ಆ ವರ್ಷವೇ ಕೋವಿಡ್. ಖಾಲಿ ಗ್ಯಾಲರಿಯಿಂದ ಬದುಕುವುದು ಟಿಕೆಟ್ ನಂಬಿದ ಕ್ಲಬ್ಬಿಗೆ ಆಗದ ಮಾತು. ಮತ್ತೆ ಜನರ ಹತ್ತಿರವೇ ಹೋದರು. ಈ ಸಲ ಸಾಲವಲ್ಲ, ಮಾಲೀಕತ್ವದಲ್ಲೇ ಪಾಲು. ಕ್ಲಬ್ಬಿನ ಶೇಕಡಾ ಹತ್ತನ್ನು ಸಾಮಾನ್ಯ ಬೆಂಬಲಿಗರಿಗೆ ಮಾರಿದರು. ಎರಡು ಸಾವಿರಕ್ಕೂ ಹೆಚ್ಚು ಜನ 10 ಲಕ್ಷ ಡಾಲರಿಗೂ ಮೀರಿ ಹಾಕಿದರು. ಅದೇ ಶರತ್ಕಾಲದಲ್ಲಿ ತಂಡ ಫೈನಲ್‌ನಲ್ಲಿ ಓಕ್‌ಲ್ಯಾಂಡ್ ರೂಟ್ಸ್ ಎದುರು 2–1 ಗೆದ್ದು ನಿಸಾ ಕಪ್ ಎತ್ತಿತು. ಮಹಿಳಾ ತಂಡವೂ ಆ ಹೊತ್ತಿಗೆ ಹುಟ್ಟಿತು.

2022ಕ್ಕೆ ಎರಡನೇ ಹಂತ, ಯುಎಸ್‌ಎಲ್ ಚಾಂಪಿಯನ್‌ಷಿಪ್ ಎಂಬ ಲೀಗು. ನಿಸಾ ಗೆದ್ದದ್ದಕ್ಕೆ ಸಿಕ್ಕ ಬಡ್ತಿ ಅಲ್ಲ ಅದು. ಅರ್ಜಿ ಹಾಕಿ, ನಿಯಮ ಪೂರೈಸಿ, ದುಡ್ಡು ಕಟ್ಟಿ ಹೋದದ್ದು. ನಾಲ್ಕರಿಂದ ಎರಡಕ್ಕೆ ಹೋಗಲು ಹತ್ತು ವರ್ಷ ಹಿಡಿಯಿತು. ಅಷ್ಟೂ ವರ್ಷ ಗ್ಯಾಲರಿ ತುಂಬಿರದಿದ್ದರೆ ಆ ಅರ್ಜಿ ಹಾಕುವ ಮಾತೇ ಬರುತ್ತಿರಲಿಲ್ಲ.

ಅಮೆರಿಕದಲ್ಲಿ ಸಣ್ಣವರಿಗೆ ತೆರೆದಿರುವ ಒಂದೇ ಬಾಗಿಲು ಯುಎಸ್ ಓಪನ್ ಕಪ್. 1914ರಿಂದ ನಡೆದು ಬಂದಿರುವ ನಾಕೌಟ್ ಸ್ಪರ್ಧೆ. ಅದರಲ್ಲಿ ಎಲ್ಲ ಹಂತದವರೂ ಎದುರಾಗಬಹುದು. 2022ರ ಏಪ್ರಿಲ್‌ನಲ್ಲಿ ಕೊಲಂಬಸ್ ಕ್ರೂ ಕೀವರ್ತ್‌ಗೆ ಬಂತು. ಎರಡು ವರ್ಷ ಹಿಂದಷ್ಟೇ ಎಂಎಲ್‌ಎಸ್ ಕಪ್ ಗೆದ್ದಿದ್ದ ಕ್ಲಬ್ಬು. ಡೆಟ್ರಾಯಿಟ್ ಸಿಟಿ 2–1ರಿಂದ ಗೆದ್ದಿತು. ದುಡ್ಡು ಕೊಟ್ಟು ಮಾತ್ರ ಕೂರಬಹುದಾದ ಲೀಗಿನ ಒಂದು ತಂಡ, ಊರಿನವರು ಬಣ್ಣ ಬಳಿದ ಗ್ಯಾಲರಿಯ ಮುಂದೆ ಸೋತು ಬಸ್ಸು ಹತ್ತಿತು. ಬಡ್ತಿ ಇದ್ದಿದ್ದರೆ ಇಂಥ ರಾತ್ರಿಗಳು ಎಷ್ಟು ಬರುತ್ತಿದ್ದವೋ ಅಂತ ಯೋಚಿಸದೆ ಇರಲು ಆಗುವುದಿಲ್ಲ.

ಬಡ್ತಿಯ ಬಾಗಿಲೂ ಸ್ವಲ್ಪ ತೆರೆಯುವ ಸೂಚನೆ ಇದೆ. 2025ರ ಮಾರ್ಚ್‌ನಲ್ಲಿ ಯುಎಸ್‌ಎಲ್ ಕ್ಲಬ್ಬುಗಳ ಮಾಲೀಕರು ತಮ್ಮ ಲೀಗುಗಳ ನಡುವೆ ಬಡ್ತಿ, ಹಿಂಬಡ್ತಿ ತರಲು ಮತ ಹಾಕಿದರು. ಎಂಎಲ್‌ಎಸ್ ಅದರೊಳಗೆ ಇಲ್ಲ. ಆದರೂ ಅಮೆರಿಕದ ವೃತ್ತಿಪರ ಆಟದಲ್ಲಿ ಇದು ದೊಡ್ಡ ಹೆಜ್ಜೆ. ಡೆಟ್ರಾಯಿಟ್ ಸಿಟಿ ಕೂಡ ಊರೊಳಗೆ, ಕಾರ್ಕ್‌ಟೌನ್ ಬಳಿ, ವರ್ಷಗಟ್ಟಲೆ ಪಾಳು ಬಿದ್ದಿದ್ದ ಒಂದು ಆಸ್ಪತ್ರೆಯ ಜಾಗ ಕೊಂಡು ಹೊಸ ಕ್ರೀಡಾಂಗಣದ ಯೋಜನೆ ಹಾಕಿಕೊಂಡಿದೆ. ಅಲ್ಲಿಗೆ ಹೋದ ಮೇಲೆ ಕೀವರ್ತ್‌ನ ಈ ಹತ್ತಿರ, ಈ ಇಕ್ಕಟ್ಟು ಉಳಿಯುತ್ತದಾ ಅನ್ನುವ ಆತಂಕ ಬೆಂಬಲಿಗರಲ್ಲಿ ಇಲ್ಲದೆ ಇರಲು ಸಾಧ್ಯವಿಲ್ಲ.

ಡೆಟ್ರಾಯಿಟ್ ಕಡೆ ಇರುವವರು, ಅಥವಾ ಮಗನ ಮನೆಗೆ ಅಂತ ಬೇಸಿಗೆಯಲ್ಲಿ ಬಂದಿರುವ ಅಪ್ಪ ಅಮ್ಮ, ಕೀವರ್ತ್ ಇರುವಾಗಲೇ ಒಂದು ಶನಿವಾರ ಹೋಗಿಬನ್ನಿ. ಕಾರನ್ನು ದೂರ ನಿಲ್ಲಿಸಿ ನಡೆದು ಹೋಗಿ. ಮೊದಲು ಬಾಂಗ್ಲಾದೇಶ್ ಅವೆನ್ಯೂನಲ್ಲಿ ಊಟ ಮುಗಿಸಿ. ಮಕ್ಕಳಿದ್ದರೆ ಡ್ರಮ್ ಇರುವ ಕಡೆಯ ಗ್ಯಾಲರಿ ಬೇಡ, ಅದರ ಎದುರಿನದನ್ನು ಹಿಡಿಯಿರಿ. ಅಲ್ಲಿಂದ ಆಟವೂ ಕಾಣುತ್ತದೆ, ಹೊಗೆಯೊಳಗೆ ಕುಣಿಯುವವರೂ ಕಾಣುತ್ತಾರೆ. ಮೇ ತಿಂಗಳಾದರೂ ಸಂಜೆ ಚಳಿ ಇರುತ್ತದೆ, ಒಂದು ಸ್ವೆಟರ್ ಇಟ್ಟುಕೊಳ್ಳಿ.